ಪಂಪು ಇದ್ದ ವಾರ

ಮಾರ್ಚ್ 11, ಬೆಳಿಗ್ಗೆ

ಫಾಸ್ಟಿಂಗ್ ಶುಗರ್ 212. ರಾತ್ರಿ ಕದ್ದು ಏನೂ ತಿಂದಿಲ್ಲ, ಆಣೆ. ಸೂಜಿ ಹೊಟ್ಟೆಯ ಎಡಕ್ಕೆ. ಬಲಗಡೆ ಗಂಟುಗಟ್ಟಿದೆ. ಇನ್ನು ಸ್ನಾನ, ಲಿಂಗಪೂಜೆ, ರೊಟ್ಟಿ, ಆಮೇಲೆ ಪಾಠ ಮಾಡಲು ವಾಡಿಯ ಶಾಲೆಗೆ ರೈಲು.

ಪೂಜೆ ಆಗದೆ ಬಾಯಿಗೆ ನೀರೂ ಹಾಕುವಂತಿಲ್ಲ. ತವರಲ್ಲೂ ಹಾಗೇ, ಇಲ್ಲಿ ಸೇಡಂನಲ್ಲೂ ಹಾಗೇ. ಅದಕ್ಕೇ ಸೂಜಿ ಮೊದಲು, ಪೂಜೆ ನಂತರ. ಪೂಜೆ ಮುಗಿಯುವಷ್ಟರಲ್ಲಿ ಇನ್ಸುಲಿನ್ ಎದ್ದಿರುತ್ತದೆ, ರೊಟ್ಟಿಯೂ ಬೆಂದಿರುತ್ತದೆ. ನನ್ನದೇ ಟೈಮ್‌ಟೇಬಲ್. ಶಾಲೆಯದ್ದಕ್ಕಿಂತ ಚೆನ್ನಾಗಿ ನಡೆಯುತ್ತಿದೆ.

ಮಾರ್ಚ್ 14

ಇನ್ನೂ ಹಾಸಿಗೆಯಲ್ಲೇ ಇದ್ದೇನೆ. ಆದರೂ ಬರೆಯುತ್ತೇನೆ.

ನಿನ್ನೆ ಸೂಜಿ ಹಾಕಿಕೊಂಡ ಮೇಲೆ ನಳಕ್ಕೆ ನೀರು ಬಂತು. ಬಿಟ್ಟರೆ ಮತ್ತೆ ಯಾವಾಗಲೋ. ಕೊಡದ ಮೇಲೆ ಕೊಡ ತುಂಬಿದೆ. ಆಮೇಲೆ ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟು ಕುಳಿತೆ. ವಿಭೂತಿ ಹಚ್ಚಿದ್ದು ನೆನಪಿದೆ. ಪತ್ರಿ ಏರಿಸಿದ್ದು ನೆನಪಿಲ್ಲ.

ಉಳಿದದ್ದು ಇವರು ಹೇಳಿದ್ದು. ಶಾಂತಕುಮಾರ ಅಂತ ಬರೆಯಬಹುದು, ಯಾರು ಓದುತ್ತಾರೆ — ಆದರೂ ಗಂಡನ ಹೆಸರು ಬರೆಯಲು ಕೈ ಹಿಂದೆ ಸರಿಯುತ್ತದೆ. ನಾನು ಅಲುಗಾಡದೆ ಕುಳಿತಿದ್ದೆನಂತೆ. ರೈಲಿನ ಹೊತ್ತಾಯಿತು ಅಂತ ಇವರು ಕರೆಯಲು ಬಂದರೆ ಅತ್ತೆ ತಡೆದರಂತೆ.

"ಲಿಂಗದಾಗ ಕುಂತಾಳ. ಮುಟ್ಟಬ್ಯಾಡ."

ಪಕ್ಕದ ಮನೆಯ ಉಮಾದೇವಿಯನ್ನೂ ಕರೆದು ತೋರಿಸಿದರಂತೆ, ನೋಡು ನಮ್ಮ ಸೊಸೆಯ ಭಕ್ತಿ ಅಂತ. ಆಕೆ ಕೈ ಮುಗಿದಳಂತೆ. ಮುಗಿದ ಕೈ ಇಳಿಸುವ ಮೊದಲೇ ನಾನು ಪಕ್ಕಕ್ಕೆ ಉರುಳಿದೆ. ಲಿಂಗವೂ ಬಿತ್ತು. ಅತ್ತೆ ಮೊದಲು ಎತ್ತಿದ್ದು ಯಾರನ್ನು ಅಂತ ನಾನು ಕೇಳಿಲ್ಲ. ದವಾಖಾನೆಯಲ್ಲಿ ನೋಡಿದಾಗ ಶುಗರ್ 31.

ಸ್ವಲ್ಪ ಸ್ವಲ್ಪ ಕೇಳಿಸುತ್ತಿತ್ತು ನನಗೆ. ಅತ್ತೆ ನನ್ನನ್ನು ಹೊಗಳುತ್ತಿದ್ದರು. ಮದುವೆಯಾದಾಗಿನಿಂದ ಮೊದಲ ಸಲ. ಬೇಡ, ಮುಟ್ಟಿ ನನ್ನನ್ನು ಅಂತ ಕೂಗಬೇಕೆನ್ನಿಸಿತು. ಬಾಯಿ ನನ್ನದಾಗಿರಲಿಲ್ಲ.

ಮಾರ್ಚ್ 20

ಕಲಬುರಗಿಯ ಡಾಕ್ಟರು ಹೇಳಿದ್ದು ಇಷ್ಟು: ಶುಗರ್ ಇಳಿಯುವಾಗ ಮೈ ಕೊಡುವ ಸೂಚನೆ ನನಗೆ ನಿಂತುಹೋಗಿದೆ. ಚಿಕ್ಕಂದಿನಿಂದ ಇರುವ ಶುಗರ್, ಮೈಗೂ ಬೇಸರ ಬಂದಿರಬೇಕು. ಮೊದಲು ನಡುಕ, ಬೆವರು ಬರುತ್ತಿತ್ತು. ಈಗ ಬೆವರಿದರೂ ಅದು ಸೇಡಂನ ಬಿಸಿಲೋ ಶುಗರ್ರೋ, ಯಾರು ಹೇಳಬೇಕು.

ಇನ್ಸುಲಿನ್ ಪಂಪ್ ಹಾಕಿಸಿಕೊಳ್ಳಿ ಅಂದರು. ಜೊತೆಗೆ ಶುಗರ್ ನೋಡುತ್ತಲೇ ಇರುವ ಸೆನ್ಸರ್. ಇಳಿಯುವ ಮೊದಲೇ ಅದು ಇನ್ಸುಲಿನ್ ನಿಲ್ಲಿಸುತ್ತದೆ, ಕೂಗುತ್ತದೆ. ಮೊದಲು ಒಂದು ವಾರ ಟ್ರಯಲ್. ನಾನು ಇವರ ಮುಖ ನೋಡಿದೆ. "ನೋಡಾಮು" ಅಂದರು.

ಅಲ್ಲಿಯವರೆಗೆ ಪೂಜೆ ಆದ ಮೇಲೇ ಸೂಜಿ. ಆದರೆ ರಾತ್ರಿ ಹಾಕಿದ ಇನ್ಸುಲಿನ್ ಬೆಳಿಗ್ಗೆಯೂ ಒಳಗೇ ಇರುತ್ತದಲ್ಲ. ಉಂಡು ಪೂಜೆ ಮಾಡು ಅಂತ ಈಗ ಅತ್ತೆಯೇ ಹೇಳುತ್ತಾರೆ. ಪ್ರಯತ್ನಿಸಿದೆ. ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಟ್ಟೆ.

ಏಪ್ರಿಲ್ 7

ತೌಸೀಫ್ ಅಂತ, ಪಂಪಿನವರ ಕಡೆಯ ಹುಡುಗ, ಮನೆಗೇ ಬಂದು ಹಾಕಿಕೊಟ್ಟ. ಸೆರಗಿನ ಕೆಳಗೆ ಸಣ್ಣ ಡಬ್ಬಿ, ಅದರಿಂದ ಹೊಟ್ಟೆಗೆ ಒಂದು ನಳಿಕೆ. ಬಿಸಿಲಿಗೆ ಹಿಡಿಯಬೇಡಿ ಅಂದ. ಇವನು ಕಲಬುರಗಿಯವನೇ, ಆದರೂ ಹೇಳುತ್ತಾನೆ!

ಕೊರಳಿಗೊಂದು ದಾರ, ಹೊಟ್ಟೆಗೊಂದು ದಾರ. ಅತ್ತೆ ದೂರ ನಿಂತು ನೋಡಿದರು. ಲಿಂಗ ಇರುವ ಮೈಮೇಲೆ ಮಷೀನ್ ಯಾಕೆ ಅಂತ ಗೊಣಗಿದರು. ನನ್ನ ಜೊತೆಗಲ್ಲ, ರೊಟ್ಟಿ ಹಂಚಿನ ಜೊತೆ.

ಏಪ್ರಿಲ್ 10

ಪೂಜೆಯ ನಡುವೆ ಕೂಗಿತು. ಪುಟ್ಟ ಸದ್ದು. ನಾನು ಕೇಳಿಸಿಕೊಳ್ಳುವ ಮೊದಲೇ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು, ಬೆಲ್ಲದ ನೀರು ಹಿಡಿದು. ಪೂಜೆ ಮುಗಿದಿಲ್ಲ ಅಂದೆ.

"ಕುಡಿ ಮೊದಲ. ಲಿಂಗ ಎಲ್ಲಿಗೂ ಹೋಗಂಗಿಲ್ಲ, ನೀ ಹೋಗ್ತಿ."

ಕುಡಿದೆ. ಅಳು ಬಂತು.

ಏಪ್ರಿಲ್ 14

ತೌಸೀಫ್ ಬಂದು ಬಿಚ್ಚಿಕೊಂಡು ಹೋದ. ಒಂದು ವಾರ ಹೆದರದೆ ಮಲಗಿದ್ದೆ, ಹೆದರದೆ ರೈಲು ಹತ್ತಿದ್ದೆ. ಅಂಥದ್ದೊಂದು ಇದೆ ಅಂತ ತೋರಿಸಲೇಬಾರದಿತ್ತು. ಹೊಟ್ಟೆಯ ಮೇಲೆ ಅಂಟಿನ ಗುರುತು ಇನ್ನೂ ಇದೆ. ತಿಕ್ಕಿ ತೊಳೆದಿಲ್ಲ.

ಮತ್ತೆ ಯಾವಾಗ ತರುತ್ತಾನೆ ಅಂತ ಅತ್ತೆ ಕೇಳಿದರು. ಇವರು ಹೊರಗೆ ಹೋಗಿ ಬೈಕ್ ಒರೆಸಿದರು. ಅದು ಮೊದಲೇ ಚೊಕ್ಕವಾಗಿತ್ತು.

ಮೇ 2

ಇವತ್ತು ಇವರು ಬಾಯಿ ಬಿಟ್ಟರು. ಮಷೀನ್ ಹೇಗೋ ಕೊಳ್ಳಬಹುದು, ಪ್ರತಿ ತಿಂಗಳು ಅದಕ್ಕೆ ಬೇಕಾದ ಸಾಮಾನು ಆಗುವುದಿಲ್ಲ. ಸೆನ್ಸರ್, ನಳಿಕೆ, ಎಲ್ಲ ಬದಲಾಗುತ್ತಲೇ ಇರಬೇಕು, ನಾನು ಇರುವವರೆಗೆ. ಇನ್ಶೂರೆನ್ಸ್‌ನವರು ಮೊದಲಿನಿಂದ ಇದ್ದ ಬೇನೆ ಅಂದರಂತೆ. ಅದೂ ನಿಜವೇ.

"ನನ್ನ ಕೈಲೆ ಆಗವಲ್ದು, ಭಾಗ್ಯಾ" ಅಂದರು. ಬೈದುಬಿಡಬೇಕೆಂದು ಬಾಯಿಗೆ ಬಂದದ್ದೆಲ್ಲ ನುಂಗಿದೆ. ಬೈಯುವಂಥ ಮುಖವಾಗಿರಲಿಲ್ಲ ಅದು.

ಈಗ ನನ್ನ ಸೆನ್ಸರ್ ಅತ್ತೆ. ನಾನು ಪೂಜೆಗೆ ಕುಳಿತರೆ ಅಡುಗೆಮನೆಯಿಂದ ಆಗಾಗ ಕರೆಯುತ್ತಾರೆ. ಭಾಗ್ಯಾ. ಓ. ರೊಟ್ಟಿ ಬಡಿಯುತ್ತಾರೆ. ಭಾಗ್ಯಾ. ಓ. ಅಕ್ಕಪಕ್ಕದವರು ನಗುತ್ತಾರೆ. ನಗಲಿ. ಈ ಸೆನ್ಸರ್‌ಗೂ ಬಿಪಿ ಇದೆ, ಮಂಡಿನೋವಿದೆ, ಮಧ್ಯಾಹ್ನ ನಿದ್ದೆ ಬರುತ್ತದೆ.

ಮೇ 19, ಬೆಳಿಗ್ಗೆ

ರಜೆ. ರೈಲಿನ ಅವಸರವಿಲ್ಲ. ಇವತ್ತು ಪೂಜೆಗೆ ಕುಳಿತಾಗ ಎಷ್ಟೋ ತಿಂಗಳ ಮೇಲೆ ಮನಸ್ಸು ನಿಂತಿತು. ಏನೂ ಬೇಡಿಕೊಳ್ಳಲಿಲ್ಲ. ಪಂಪನ್ನೂ ಬೇಡಲಿಲ್ಲ. ಅಂಗೈಯಲ್ಲಿ ಲಿಂಗ ತಣ್ಣಗಿತ್ತು, ಅಷ್ಟೇ ಗೊತ್ತು. ಭಾಳ ಸುಖವಾಗಿತ್ತು.

ಅತ್ತೆ ಕರೆದರಂತೆ. ನಾನು ಓ ಅನ್ನಲಿಲ್ಲವಂತೆ. ಬಂದು ಭುಜ ಹಿಡಿದು ಅಲುಗಾಡಿಸಿ ಬೆಲ್ಲದ ನೀರು ಹೊಯ್ದರು. ಅರ್ಧ ಬಾಯಿಗೆ, ಅರ್ಧ ಮೈಮೇಲೆ, ಕೈಮೇಲೆ. ಧ್ಯಾನದಲ್ಲಿದ್ದೆ ಅಂತ ಸಿಟ್ಟಿನಲ್ಲಿ ಅಂದೆ. ಅತ್ತೆ ಅಲ್ಲೇ ಕುಸಿದು ಕುಳಿತರು. "ನನಗ ಹ್ಯಾಂಗ ತಿಳಿಬೇಕ ಯವ್ವಾ" ಅಂತ ಅತ್ತರು.

ಮೀಟರ್ 240 ತೋರಿಸಿತು. ಬೆರಳಿಗೆ ಬೆಲ್ಲ ಅಂಟಿತ್ತು, ಒರೆಸಿಕೊಳ್ಳದೆ ಚುಚ್ಚಿದ್ದೆ. ಆ ನಂಬರ್ ನನ್ನದೋ ಬೆಲ್ಲದ್ದೋ. ಮೊದಲು ಎಷ್ಟಿತ್ತು, ಯಾರಿಗೂ ಗೊತ್ತಿಲ್ಲ.

ಅತ್ತೆಗೆ ಹೇಗೆ ತಿಳಿಯಬೇಕು ಸರಿ. ನನಗೆ? ಆ ಸುಖ ಲಿಂಗದ್ದೋ, ಶುಗರ್ ಇಳಿದದ್ದೋ. ಆವತ್ತೂ, 31 ಇದ್ದಾಗಲೂ, ಮೊದಲು ಹೀಗೇ ತಣ್ಣಗೆ —

ಅತ್ತೆ ಕರೆಯುತ್ತಿದ್ದಾರೆ. ಓ ಅಂದೆ.

ಮತ್ತೆ ಕರೆದರು. ಓ ಅಂದೆನಲ್ಲ, ಕೇಳಿಸಲಿಲ್ಲವೇ —