ಕೈ ತಾನಾಗಿ ಆಡಿದ ಮಾತು

ಭಾನುವಾರ ಮಧ್ಯಾಹ್ನ, ಹದಿನಾಲ್ಕನೇ ತಾರೀಕು

ನನ್ನ ಮುದ್ದು ತಮ್ಮ ಗುಂಡನಿಗೆ,

ಚೆನ್ನಾಗಿದ್ದೀಯಾ? ಹಡಗಿನ ಅಡುಗೆಮನೆಯ ಶಾಖಕ್ಕೆ ಒಂದಿಷ್ಟಾದರೂ ಕರಗಿದ್ದೀಯೋ ಇಲ್ಲವೋ? ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದು ನನ್ನದೇ ತಪ್ಪು, ಬೈಕೋಬೇಡ. ಅಮ್ಮನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಎಂದು ಚಿಕ್ಕಮ್ಮ ನಿನಗೆ ಬರೆದಳಂತೆ. "ಯಾರು ಹೇಳಿದ್ದು? ನಾನು ಬರೋ ತನಕ ಮುಚ್ಚಿಡು ಅಂದಿರಲಿಲ್ವಾ?" ಎಂದು ಕೇಳಿದ್ದೀಯ. ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಳು. ನಾನು ಹೇಳಲಿಲ್ಲ ಕಣೋ. ನನ್ನ ಕೈ ಹೇಳಿತು.

ಆ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಫೈಲಿನ ಮೇಲೆ ತಲೆ ಬಗ್ಗಿಸಿಕೊಂಡೇ, ಅಮ್ಮನಿಗೆ ತುಟಿ ಕಾಣದ ಹಾಗೆ, "ಇನ್ನು ಮೂರು ತಿಂಗಳು ಅಷ್ಟೇ. ಅವರಿಗೆ ಈಗಲೇ ಹೇಳಬೇಡಿ" ಅಂದರು. ನಾನು ಮುಖದಲ್ಲಿ ಏನೂ ತೋರಗೊಡಲಿಲ್ಲ. ಮಡಿಲಲ್ಲಿದ್ದ ಬಲಗೈ ಮಾತ್ರ ಮೂರು ಬೆರಳು ಎತ್ತಿ, 'ಮುಗಿಯಿತು' ಎಂಬ ಸನ್ನೆಗೆ ತಿರುಗುತ್ತಿತ್ತು. ಗಾಬರಿಯಿಂದ ಬ್ಯಾಗಿನ ಕೆಳಗೆ ಅದುಮಿಟ್ಟೆ. ನಾನು ಏಳು ವರ್ಷದವಳಿದ್ದಾಗಿನಿಂದ ಬ್ಯಾಂಕು, ಸ್ಕೂಲು, ಆಸ್ಪತ್ರೆಗಳಲ್ಲಿ ಜನ ಆಡಿದ ಮಾತನ್ನೆಲ್ಲ ಕಿವಿ ಕೇಳದ ಅಮ್ಮನಿಗೆ ಮುಟ್ಟಿಸಿದ ಕೈ. ಒಂದು ದಿನ ಸುಮ್ಮನಿರು ಅಂದರೆ ಕೇಳೀತೇ?

ಬಸ್ಸಿನಲ್ಲಿ ಅಮ್ಮ, "ಏನಂದ್ರು?" ಎಂದು ಸನ್ನೆ ಮಾಡಿದಳು. "ಮಾತ್ರೆ ಬದಲಾಯಿಸಿದಾರೆ, ಅಷ್ಟೇ" ಎಂದೆ. ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ, ಹಸಿವಾಗ್ತಿದೆ" ಎಂದಳು. ಸದ್ಯ, ಬಚಾವಾದೆ ಅಂದುಕೊಂಡೆ, ಪೆದ್ದಿ.

ಹೋದ ವಾರ ವಿಶ್ವವಿದ್ಯಾಲಯದ ಮೇಡಂ ಒಬ್ಬರು ನಮ್ಮಂಥ ಮಕ್ಕಳನ್ನು ಕರೆಸಿದ್ದರು, ಕಿವಿ ಕೇಳದ ತಾಯಂದಿರ ಕೇಳುವ ಮಕ್ಕಳನ್ನು. ಪರದೆಯ ಮೇಲೆ ಎರಡೆರಡು ಪದ ಬರುತ್ತವೆ, ಅರ್ಥ ಹತ್ತಿರವಿದ್ದರೆ ಗುಂಡಿ ಒತ್ತಬೇಕು. ಸನ್ನೆಯ ಸುದ್ದಿಯೇ ಇಲ್ಲ. ಆದರೂ ಅರ್ಥ ಬೇರೆಯಾಗಿ ಸನ್ನೆ ಒಂದೇ ತರಹ ಇರುವ ಪದಗಳು ಬಂದಾಗಲೆಲ್ಲ ನಾನು ತಡವರಿಸಿದೆನಂತೆ. "ಪದ ನೋಡಿದರೆ ಸಾಕು, ನಿಮ್ಮೊಳಗೆ ಸನ್ನೆ ಎದ್ದುಬಿಡುತ್ತೆ. ತಡೆಯೋಕಾಗಲ್ಲ" ಎಂದು ಖುಷಿಯಾಗಿ ಹೇಳಿದರು. ನಾನು ಅವರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತೆ. ಪಾಪ, ಗಾಬರಿಯಾಗಿ ಟೀ ತರಿಸಿದರು.

ಅಮ್ಮನ ಜೊತೆ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದ, ಅವಳ ಹಾಗೇ ಕಿವಿ ಕೇಳದ ಚಿಕ್ಕಮ್ಮನಿಗೆ, ನನ್ನ ಕೈಯಲ್ಲಿ ಕಂಡದ್ದನ್ನು ಅಮ್ಮ ಆಸ್ಪತ್ರೆಯಿಂದ ಬಂದ ಸಂಜೆಯೇ ತಿಳಿಸಿದ್ದಳಂತೆ. "ಮಗಳು ನನಗೋಸ್ಕರ ಸುಳ್ಳು ಹೊತ್ಕೊಂಡಿದಾಳೆ, ನೀನು ಬಾಯಿ ಬಿಡಬೇಡ" ಅಂದಿದ್ದಳಂತೆ. ಅವಳು ಹೋಗುವ ತನಕ ಹನ್ನೊಂದು ವಾರ ತಾಯಿ ಮಗಳು ಒಬ್ಬರೆದುರು ಒಬ್ಬರು ನಾಟಕ ಆಡಿದೆವು. ಅಪ್ಪನ ಬಗ್ಗೆ, ಅವಳ ಬಾಲ್ಯದ ಬಗ್ಗೆ ಎಷ್ಟು ಕೇಳಬಹುದಿತ್ತು! ಬರೀ ಕಾಜಾ, ದಾರ, ಮಾತ್ರೆ ಅಂತ ದಿನ ಕಳೆದೆವು.

ನಿನ್ನ ಮೇಲೆ ನನಗೆ ಕೋಪವಿಲ್ಲ. ಹೊಟ್ಟೆ ತುಂಬ ಉಣ್ಣು, ನೂರು ಕಾಲ ಸುಖವಾಗಿರು. ಸನ್ನೆ ಮರೆಯಬೇಡ, ಚಿಕ್ಕಮ್ಮನ ಹತ್ತಿರ ಮಾತಾಡುವವಳು ಈಗ ನಾನೊಬ್ಬಳೇ.

ನಿನ್ನ ಅಕ್ಕ

ತಾ.ಕ.: ಮರೆತು ಬಿಟ್ಟಿದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಕೊನೆಯ ಎರಡು ದಿನ ಅಮ್ಮ ಮೂಗಿನ ನಳಿಕೆ ಕೀಳುತ್ತಾಳೆಂದು ಅವಳ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವಳು ನಾನು. ಕಟ್ಟಿನೊಳಗೇ ಬೆರಳು ಆಡಿಸುತ್ತಿದ್ದಳು, ಏನೋ ಹೇಳಬೇಕಿತ್ತು. ಒಂದು ಗಳಿಗೆ ಬಿಚ್ಚಿ ಎಂದು ನಾನು ಯಾರನ್ನೂ ಕೇಳಲಿಲ್ಲ. ಇನ್ನು ಅವಳು ನನ್ನನ್ನು ಏನೂ ಕೇಳಲಾರಳಲ್ಲ ಎಂದು ಆಗ ನನಗೆ ನಿರಾಳವಾಗಿತ್ತು ಕಣೋ.