ಗಾಳಿ ಬೀಸದ ಕಾಡು

ಹಮ್ಮೆರ್‌ದಾಲ್
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಸುನ್ನಿವಾ,

ಹೇಗಿದ್ದೀಯ ಮಗಳೇ? ಬುದ್ಧಿಹಲ್ಲು ಕೀಳಿಸಿಕೊಂಡೆಯಂತೆ, ದವಡೆ ಊದಿಕೊಂಡು ಎರಡು ದಿನ ಬರೀ ಗಂಜಿಯಲ್ಲೇ ಕಳೆದೆಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಈಗ ಗಟ್ಟಿ ಪದಾರ್ಥ ಅಗಿಯುವುದಕ್ಕೆ ಆಗುತ್ತಿದೆಯೇ? ಎಡಗಡೆಯಲ್ಲೇ ಅಗಿ, ಅವಸರ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಜನವರಿಯಲ್ಲಿ ಸೌದೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಪಾದದ ಕೀಲು ಮುರಿದುಕೊಂಡದ್ದು ನಿನ್ನ ಕಿವಿಗೂ ಬಿದ್ದಿರಬೇಕು. ಆರು ವಾರ ಪ್ಲಾಸ್ಟರ್ ಇತ್ತು, ಈಗ ಬಿಚ್ಚಿದ್ದಾರೆ. ಒಳಗಿಂದ ಹೊರಬಂದ ಕಾಲು ಸುಲಿದ ಆಲೂಗಡ್ಡೆಯ ಹಾಗಿದೆ, ನನ್ನದು ಅನ್ನಿಸುವುದೇ ಇಲ್ಲ. ಸ್ಕೀ ಕೋಲು ಊರಿಕೊಂಡು ಗೇಟಿನವರೆಗೆ ಹೋಗಿ ಬರುತ್ತೇನೆ. ಮಧ್ಯಾಹ್ನ ಸೂರಿನಿಂದ ನೀರು ತೊಟ್ಟಿಕ್ಕುತ್ತದೆ, ಮೂರು ಗಂಟೆಯ ಹೊತ್ತಿಗೆ ಮತ್ತೆ ಹೆಪ್ಪುಗಟ್ಟುತ್ತದೆ. ಫೋನಿನಲ್ಲಿ ಮೆಸೇಜು ಕಳಿಸದೆ ಕಾಗದ ಏಕೆ ಬರೆದೆ ಅನ್ನುತ್ತೀಯೇನೋ. ಮೆಸೇಜನ್ನು ನೀನು ತೆರೆಯದೆಯೇ ಅಳಿಸಿಬಿಡಬಹುದು. ಕಾಗದವನ್ನು ಒಲೆಗೆ ಹಾಕಬೇಕಾದರೂ ಒಂದು ಸಲ ಕೈಯಲ್ಲಿ ಹಿಡಿಯಲೇಬೇಕಲ್ಲ.

ಪ್ಲಾಸ್ಟರ್ ಹಾಕಿದ ಮೂರನೆಯ ದಿನ ಎದುರುಮನೆಯ ಗುನ್ವೋರ್ ಬಂದಳು. ಮೂವತ್ತು ವರ್ಷ ಅಂಚೆ ಹಂಚಿ ಹಂಚಿ ಅವಳಿಗೆ ಬರಿಗೈಯಲ್ಲಿ ಯಾರ ಮನೆ ಮೆಟ್ಟಿಲನ್ನೂ ಹತ್ತಿ ಅಭ್ಯಾಸವಿಲ್ಲ. ಅವತ್ತು ಬಟ್ಟೆ ಚೀಲದಲ್ಲಿ ಟೀವಿಯಲ್ಲಿ ಆಟ ಆಡುವ ಒಂದು ಕಪ್ಪು ಪೆಟ್ಟಿಗೆ, ಮೂರು ನಾಲ್ಕು ವೈರು, ಕೈಯಲ್ಲಿ ಹಿಡಿದು ಒತ್ತುವ ಗುಂಡಿಗಳಿರುವ ಆ ಸಾಧನ ತಂದಿದ್ದಳು. "ಗೋಡೆ ನೋಡ್ತಾ ಕೂತ್ರೆ ತಲೆ ಕೆಡ್ತದೆ ಹೆಲ್ಮರ್. ತಗೋ, ಆಡು" ಅಂದಳು. ನಾನು ಬೈದೆ. "ಎಪ್ಪತ್ನಾಲ್ಕರ ಮುದುಕ ನಾನು, ಆಟ ಆಡ್ಬೇಕಾ?" ಅಂದೆ. "ಕಾಲು ಮುರ್ಕೊಂಡು ಕೂತಿರೋ ಮುದುಕ ನೀನು. ಬೇರೇನು ಮಾಡ್ತೀಯ, ಕುಣೀತೀಯಾ?" ಅನ್ನುತ್ತಲೇ ವೈರನ್ನು ಟೀವಿಗೆ ಸಿಕ್ಕಿಸಿಬಿಟ್ಟಳು. ಅಷ್ಟು ಸಲೀಸಾಗಿ ಹೇಗೆ ಸಿಕ್ಕಿಸಿದಳು ಅಂತ ನಾನು ಆಗ ಯೋಚಿಸಲಿಲ್ಲ.

ಮೊದಲು ಆಡಿದ್ದು ಯುದ್ಧದ ಆಟ. ನನ್ನ ಅಭಿಪ್ರಾಯ ಹೇಳಲೇ? ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಫಿ ಕುದಿಯುವಷ್ಟರಲ್ಲಿ ನಲವತ್ತು ಜನರನ್ನು ಕೊಂದಿದ್ದೆ. ಕೋವಿಗೆ ಭಾರವೇ ಇಲ್ಲ. ಗುಂಡು ಹಾರಿದ ಮೇಲೆ ಭುಜಕ್ಕೆ ಏಟೂ ಇಲ್ಲ, ಕಿವಿಯಲ್ಲಿ ಗುಂಯ್ ಅನ್ನುವುದೂ ಇಲ್ಲ. ಬಿದ್ದವರು ಸ್ವಲ್ಪ ಹೊತ್ತಿಗೆ ಮಾಯವಾಗುತ್ತಾರೆ. ಸುನ್ನಿವಾ, ಕುದುರೆಗಾತ್ರದ ಒಂದು ಮೂಸ್ ಜಿಂಕೆ ಹೊಡೆದರೆ ಅದನ್ನು ಕಾಡಿನಿಂದ ಎಳೆದು ತರುವುದಕ್ಕೆ ಎಂಟು ಜನ ಅರ್ಧ ದಿನ ಬೆವರು ಸುರಿಸುತ್ತೇವೆ. ಹೊಡೆದವನು ಅದರ ಪಕ್ಕ ಕೂತು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆ ಸುಮ್ಮನಿರುವಿಕೆಯೇ ಬೇಟೆಯ ಅರ್ಧ ಭಾಗ. ಈ ಆಟದಲ್ಲಿ ಅದನ್ನು ಯಾರೂ ಇಟ್ಟಿಲ್ಲ. ಇನ್ನೊಂದು ದೂರು ಗಾಳಿಯದು. ಎಷ್ಟು ಚೆಂದದ ಕಾಡು ಬರೆದಿದ್ದಾರೆ, ಒಂದೊಂದು ಎಲೆಯೂ ಎಣಿಸುವ ಹಾಗಿದೆ, ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಕೇಳುವವರಿಲ್ಲ. ಬೆನ್ನ ಹಿಂದಿನ ಗಾಳಿ ನನ್ನ ವಾಸನೆ ಹೊತ್ತೊಯ್ಯುತ್ತಿದ್ದರೆ ಶತ್ರುವಿನ ಸಮೀಪ ಹೋಗುವುದು ಹೇಗಪ್ಪಾ ಅಂತ ನಾನು ಒದ್ದೆ ಬೆರಳೆತ್ತಿ ಟೀವಿ ಮುಂದೆ ಕೂತಿದ್ದೆ. ಗುನ್ವೋರ್ ನಕ್ಕು ನಕ್ಕು ಹೆಣಿಗೆ ಕಡ್ಡಿ ಕೆಳಗೆ ಬೀಳಿಸಿದಳು.

ಆಮೇಲೆ ಇಂಟರ್ನೆಟ್ಟಿನಲ್ಲಿ ಬೇರೆಯವರ ಜೊತೆ ಸೇರಿ ಆಡುವ ಶೂಟಿಂಗ್ ಆಟ. ಎಲ್ಲೆಲ್ಲಿನವರೋ ಹೆಡ್‌ಫೋನಿನಲ್ಲಿ ಕಿವಿಯೊಳಗೇ ಕೂತು ಮಾತಾಡುತ್ತಾರೆ, ಬೈಗುಳವೇ ಜಾಸ್ತಿ. ನಾನು ಜೌಗಿನ ಹುಲ್ಲಿನಲ್ಲಿ ಮಲಗಿ ಇಪ್ಪತ್ತೈದು ನಿಮಿಷ ಕದಲಲಿಲ್ಲ. ಉಳಿದವರೆಲ್ಲ ಒಬ್ಬರನ್ನೊಬ್ಬರು ಹೊಡೆದುಕೊಂಡು ಮುಗಿದರು, ನನಗೆ ಎರಡನೆಯ ಸ್ಥಾನ ಬಂತು. "ಯಾರೋ ಅದು, ಹುಲ್ಲಲ್ಲಿ ನಿದ್ದೆ ಹೊಡೀತಾ ಇರೋನು? ಎದ್ದು ಆಡೋ ಹೇಡಿ!" ಅಂತ ಉಪ್ಸಾಲಾ ಕಡೆ ಮಾತಿನ ಒಬ್ಬ ಕೂಗಿದ. "ನಿದ್ದೆ ಅಲ್ಲಪ್ಪ, ಕಾಯ್ತಾ ಇದ್ದೆ" ಅಂದೆ. ಆಮೇಲೆ ಅವನೇ ಮೆತ್ತಗೆ, "ತಾತ, ನಿಮಗೆಷ್ಟು ವಯಸ್ಸು?" ಅಂದ. ಹೇಳಿದೆ. ಮುಂದಿನ ಆಟದಲ್ಲಿ ಅವನ ತಂಡದವರು ನನ್ನನ್ನು ಗುಡ್ಡದ ಮೇಲೆ ಕೂರಿಸಿ ತಾವು ಕೆಳಗೆ ಓಡಾಡಿದರು. ಗೆದ್ದೆವು. ನನ್ನ ಜೀವನದಲ್ಲಿ ಕಂಡರಿಯದ ಜನ ನನಗೆ ಜೈಕಾರ ಹಾಕಿದ್ದು ಅದೊಂದೇ ಸಲ.

ಮತ್ತೊಂದು ಆಟದಲ್ಲಿ ಒಬ್ಬ ಹುಡುಗಿ ಕತ್ತಿ ಹಿಡಿದು ಹೆಂಚಿನ ಛಾವಣಿಯಿಂದ ಛಾವಣಿಗೆ ಹಾರುತ್ತಾಳೆ. ಅವಳನ್ನು ಓಡಿಸುವುದು ನನಗೆ ತುಂಬ ಹಿಡಿಸಿತು. ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲೆ, ನಾನು ಮಾತ್ರ ಗೋಪುರದ ತುದಿಯಲ್ಲಿ. ಅಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿತ್ತು, ಯಾರನ್ನೋ ಹಿಡಿಯಬೇಕು, ಏನನ್ನೋ ಕದಿಯಬೇಕು. ನಾನು ಒಂದನ್ನೂ ಮಾಡಲಿಲ್ಲ. ಹೆಂಚಿನ ಮೇಲೆ ಅವಳನ್ನು ನಿಲ್ಲಿಸಿ ಸಂಜೆಯಾಗುವುದನ್ನು ನೋಡುತ್ತಿದ್ದೆ. ಕೆಳಗೆ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿತ್ತು, ದೂರದಲ್ಲಿ ಒಂದು ನದಿ ಸೀಸದ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಕಿಟಕಿಯ ಹೊರಗೂ ಆಗ ಹಿಮ ನೀಲಿಯಾಗುತ್ತಿತ್ತು. ಎಷ್ಟೋ ದಿನ ಹಾಗೇ ಕೂತಿದ್ದೇನೆ, ಅರ್ಧ ಎಚ್ಚರ, ಅರ್ಧ ಜೋಂಪು. ಆ ಊರು ಯಾವುದು, ಈ ಊರು ಯಾವುದು ಅನ್ನುವುದು ಕೂಡ ಮುಖ್ಯವಾಗುತ್ತಿರಲಿಲ್ಲ. ಯಾರೋ ಒಬ್ಬರು ತಿಂಗಳುಗಟ್ಟಲೆ ಕೂತು ಆ ಸಂಜೆಯನ್ನು ಮಾಡಿದ್ದಾರೆ, ಆಡುವವನು ಅಲ್ಲಿ ನಿಲ್ಲುತ್ತಾನೋ ಇಲ್ಲವೋ ಅನ್ನುವುದೂ ಗೊತ್ತಿಲ್ಲದೆ. ಇಂಥ ಆಟ ಕಟ್ಟುವ ನಿಮ್ಮ ಕೆಲಸದ ಬಗ್ಗೆ ನಾನು ಮೊದಲ ಬಾರಿಗೆ ಗೌರವದಿಂದ ಯೋಚಿಸಿದ್ದು ಆ ಹೆಂಚಿನ ಮೇಲೆ.

ಇನ್ನು ದೆವ್ವದ ಆಟಗಳು. ಫೆಬ್ರವರಿಯ ಒಂದು ಮಧ್ಯಾಹ್ನ ಗುನ್ವೋರ್ ಏಲಕ್ಕಿ ಬನ್ನು ತಂದು ಪಾಳುಬಿದ್ದ ಕ್ಷಯದ ಆಸ್ಪತ್ರೆಯೊಂದರ ಆಟ ಹಾಕಿದಳು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಆದರೂ ನಾನು ಕೋಣೆಯ ದೀಪ ಹಾಕಿಸಿದೆ. ದೆವ್ವ ಪೂರ್ತಿ ಕಂಡಮೇಲೆ ಭಯ ಹೋಗಿಬಿಡುತ್ತದೆ, ಆಮೇಲೆ ಅದು ಬರೀ ಕೊಳಕು ಮನುಷ್ಯ. ಹೆದರಿಸುವುದು ದೆವ್ವವಲ್ಲ, ಯಾರೂ ಇಲ್ಲದ ಕೋಣೆಯಲ್ಲಿ ಉರಿಯುತ್ತಿರುವ ದೀಪ. ಗುನ್ವೋರ್ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿಯೇ ಅಪ್ಪಣೆ ಕೊಡುತ್ತಿದ್ದಳು. "ಎಡಗಡೆ ಬಾಗಿಲು ತೆಗೀಬೇಡ. ತೆಗೀಬೇಡ ಅಂದ್ನಲ್ಲೋ! ತೆಗೆದ್ಯಾ? ನಿನ್ನ ಹಣೆಬರಹ, ಅನುಭವಿಸು." ತೆಗೆದೆ, ಅನುಭವಿಸಿದೆ. ಮೂರು ಸಲ ಹೀಗಾದಮೇಲೆ ಆಟ ನಿಲ್ಲಿಸಿ ಕೇಳಿದೆ, "ಕಣ್ಣು ಮುಚ್ಕೊಂಡೇ ನಿಂಗೆ ಇದೆಲ್ಲ ಹೇಗೆ ಗೊತ್ತು? ಮುಂಚೆ ಆಡಿದೀಯಾ?"

ಅವಳು ಕಂಬಳಿ ಇಳಿಸಿದಳು. ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಬೆರಳಿನಿಂದ ಒಂದೊಂದಾಗಿ ಎತ್ತಿದಳು. "ಆಡಿದ್ದು ನಾನಲ್ಲ. ನಾನು ಆಗ್ಲೂ ಹೀಗೇ ಕಣ್ಣು ಮುಚ್ಕೊಂಡು ಪಕ್ಕದಲ್ಲಿ ಕೂತಿರ್ತಿದ್ದೆ. ಆಡ್ತಿದ್ದೋಳು ವೆಂದ್ಲಾ" ಅಂದಳು.

ನನ್ನ ವೆಂದ್ಲಾ, ನಿನ್ನಜ್ಜಿ! ನಾನು ಬೇಟೆಗೆ, ಮೀನಿಗೆ ಅಂತ ಕಾಡಿಗೆ ಹೋದಾಗಲೆಲ್ಲ ಅವಳು ರಸ್ತೆ ದಾಟಿ ಗುನ್ವೋರಳ ಮನೆಗೆ ಹೋಗಿ ಆಡುತ್ತಿದ್ದಳಂತೆ. ಪೆಟ್ಟಿಗೆ ಅವಳದೇ. ಸಂಧಿವಾತದ ಬೆರಳಿಗೆ ಗುಂಡಿ ಒತ್ತುವುದು ಕಷ್ಟವಾದರೆ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿಕೊಂಡು ಬಂದು ಮತ್ತೆ ಕೂರುತ್ತಿದ್ದಳಂತೆ. ನೀನು ಯಾವ ಆಟಕ್ಕೆ ಯಾವ ಸದ್ದು ಮಾಡಿಕೊಟ್ಟಿದ್ದೀಯೋ ಅದೆಲ್ಲ ಅವಳಿಗೆ ಬಾಯಿಪಾಠವಂತೆ. "ಈ ಬಕೆಟ್ಟಿನ ಸದ್ದು ನಮ್ಮ ಸುನ್ನಿವಾದು, ಈ ಮಂಜುಗಡ್ಡೆ ಬಿರಿಯೋದು ನಮ್ಮ ಸುನ್ನಿವಾದು" ಅಂತ ತೋರಿಸುತ್ತಿದ್ದಳಂತೆ. ನನಗೇಕೆ ಹೇಳಲಿಲ್ಲ ಅಂದೆ. "ನಿಂಗೆ ಹೇಳೋಕೆ ಆಗ್ತಿತ್ತಾ? ನೀನು ಎಲ್ಲಾದಕ್ಕೂ ಮೊದ್ಲೇ ತೀರ್ಪು ಬರೆದಿಟ್ಕೊಂಡಿರ್ತೀಯ" ಅಂದಳು. ಮೂವತ್ತು ವರ್ಷ ಕಾಗದ ಹಂಚಿದವಳು, ಕೆಟ್ಟ ಸುದ್ದಿಯನ್ನು ಹೇಗೆ ಕೈಗಿಡಬೇಕು ಅಂತ ಅವಳಿಗೆ ಗೊತ್ತು. ಇಟ್ಟವಳೇ ಕೋಟು ಹಾಕಿಕೊಂಡು ಹೊರಟುಬಿಟ್ಟಳು.

ನಾನು ಏನನ್ನು ನೆನೆಯುತ್ತಾ ಕೂತೆ ಅಂತ ನಿನಗೆ ಗೊತ್ತು. ಎರಡು ವರ್ಷದ ಹಿಂದೆ, ಅವಳನ್ನು ಮಣ್ಣು ಮಾಡಿ ಬಂದು ಸಭಾಭವನದಲ್ಲಿ ಎಲ್ಲರೂ ಕಾಫಿಗೆ ಕೂತಿದ್ದೆವು. ನಿನ್ನ ಸೋದರಮಾವ ನಿನ್ನ ಕೆಲಸದ ಬಗ್ಗೆ ಕೇಳಿದ. ನೀನು ಕಣ್ಣೊರೆಸಿಕೊಂಡು, ಸ್ವಲ್ಪ ನಗುತ್ತಾ ಹೇಳತೊಡಗಿದ್ದೆ. ಮೇಜಿನ ಆ ತುದಿಯಿಂದ ನಾನು, "ಹೆಣ ಬೀಳಿಸೋ ಆಟ ಮಾಡಿ ಹೊಟ್ಟೆ ಹೊರೀತೀಯ. ನಿಮ್ಮಜ್ಜಿ ಇದ್ದಿದ್ರೆ ನಾಚ್ಕೊಂಡು ಸಾಯ್ತಿದ್ಲು" ಅಂದೆ. ನೀನು ತಟ್ಟೆಯಲ್ಲಿದ್ದ ಕೇಕನ್ನು ಮುಟ್ಟದೆ ಎದ್ದು ಹೋದೆ. ದುಃಖದಲ್ಲಿ ಬಾಯಿ ಜಾರಿತು ಅಂತ ಎರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವಳು ಹೋದಮೇಲೆ ಅವಳ ಬಾಯಲ್ಲಿ ನನ್ನ ಮಾತು ಇಟ್ಟೆ, ತಿರುಗಿ ಹೇಳುವುದಕ್ಕೆ ಅವಳು ಇಲ್ಲ ಅನ್ನುವ ಧೈರ್ಯದಿಂದ.

ಎರಡು ದಿನ ನಾನು ಪೆಟ್ಟಿಗೆ ಮುಟ್ಟಲಿಲ್ಲ. ಮೂರನೆಯ ದಿನ ಗುನ್ವೋರಳನ್ನು ಕರೆದು, "ಸುನ್ನಿವಾ ಮಾಡಿದ್ದು ಹಾಕು" ಅಂದೆ. ಅದೇ, ಮರ ಕಡಿಯುವವರು ಬಿಟ್ಟುಹೋದ ಶಿಬಿರದ್ದು. ನಿನ್ನಜ್ಜಿ ಅದನ್ನು ನೋಡಲಿಲ್ಲ, ಅವಳು ಹೋದಮೇಲೆ ಬಂದದ್ದು. ಆಡುವುದಕ್ಕೆ ಶುರುಮಾಡಿದೆ. ಕೋವಿ ಎಲ್ಲಿ ಸಿಗುತ್ತದೆ ಅಂತ ಗುಡಿಸಲು ಗುಡಿಸಲು ಹುಡುಕಿದೆ. ಒಂದು ಗಂಟೆಯಾದಮೇಲೆ ಗೊತ್ತಾಯಿತು, ಕೋವಿಯೇ ಇಲ್ಲ. ಕೈಯಲ್ಲಿರುವುದು ಲಾಟೀನು ಒಂದೇ. ಕಾಡಿನಲ್ಲಿ ಏನೋ ಇದೆ, ಅದನ್ನು ಕೊಲ್ಲುವುದಕ್ಕಾಗುವುದಿಲ್ಲ, ಅದು ಎಲ್ಲಿದೆ ಅಂತ ಕಿವಿಗೊಟ್ಟು ನಿಲ್ಲಬೇಕು, ಅಷ್ಟೇ. ನಾನು ನಿಂತೆ. ಮತ್ತೆ ಆ ಹೆಜ್ಜೆಗಳು, ಮಗಳೇ! ಹೊಸ ಹಿಮದ ಮೇಲೆ ಕಾಲಿಟ್ಟರೆ ಒಂದು ಸದ್ದು, ಮೈನಸ್ ಇಪ್ಪತ್ತರ ಚಳಿಯಲ್ಲಿ ಒಣಗಿದ ಹಿಮದ್ದು ಇನ್ನೊಂದು. ಹಲ್ಲು ಕಚ್ಚಿದ ಹಾಗೆ ಕಿರುಗುಟ್ಟುವ ಆ ಸದ್ದನ್ನು ನೀನು ಹಾಗೇ ಹಿಡಿದು ತಂದಿದ್ದೀಯ. ಮರದ ತುದಿಯಲ್ಲಿ ಗಾಳಿ ಎದ್ದು, ಸುತ್ತು ಹಾಕಿ, ಬೆನ್ನ ಹಿಂದೆ ಬಂದು ನಿಂತಿತು. ನಾನು ಒದ್ದೆ ಬೆರಳೆತ್ತಬೇಕಾಗಲಿಲ್ಲ. ಒಂದೇ ಒಂದು ತಪ್ಪು ಹೇಳಲೇ? ಆ ಕಾಡುಕೋಳಿ ಜನವರಿಯಲ್ಲಿ ಹಾಗೆ ಕೂಗುವುದಿಲ್ಲ, ಅದು ಏಪ್ರಿಲ್‌ನ ಕೂಗು. ಉಳಿದದ್ದೆಲ್ಲ ಸರಿಯಾಗಿದೆ. ಗುನ್ವೋರ್ ಕೂಡ ಕಣ್ಣು ತೆರೆದೇ ಕೂತಿದ್ದಳು. ಮಧ್ಯದಲ್ಲಿ ನನಗೆ ಜೋಂಪು ಹತ್ತಿತು. ಎಚ್ಚರವಾದಾಗ ಲಾಟೀನು ಉರಿಯುತ್ತಿತ್ತು, ಹಿಮ ಬೀಳುತ್ತಿತ್ತು, ಕಿಟಕಿ ಯಾವುದು ಟೀವಿ ಯಾವುದು ತಿಳಿಯಲಿಲ್ಲ. ಏಳುವ ಮನಸ್ಸೂ ಆಗಲಿಲ್ಲ. ನೀನು ಕಟ್ಟಿದ ಕಾಡಿನಲ್ಲಿ ನಾನು ಅಷ್ಟು ನಿಶ್ಚಿಂತೆಯಿಂದ ಮಲಗಿದ್ದೆ.

ಆಟ ಮುಗಿದು ಹೆಸರುಗಳು ಮೇಲಕ್ಕೆ ಹರಿದವು. ಗುನ್ವೋರ್ ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದಿದಳು. ನಿನ್ನ ಹೆಸರು ಬಂದಾಗ "ನಿಲ್ಸು, ನಿಲ್ಸು" ಅಂದೆ. "ಇದು ನಿಲ್ಲಲ್ಲ ಕಣೋ, ಹೋಗ್ತಾ ಇರ್ತದೆ" ಅಂದಳು. ಆದ್ದರಿಂದ ಇನ್ನೊಂದು ಸಲ ಮೊದಲಿಂದ ಕೊನೆಯವರೆಗೆ ಆಡಿದೆವು.

ಇಷ್ಟೇ ಸುದ್ದಿ. ತಲೆಗೆ ಟೋಪಿ ಹಾಕಿಕೊಂಡು ಓಡಾಡು, ನಿಮ್ಮ ಶೋವ್ದೆ ಊರಿನ ಚಳಿ ತೇವದ್ದು, ಮೂಳೆಗೆ ಇಳಿಯುತ್ತದೆ. ಗುನ್ವೋರ್ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ನೀನು ಕೈಯಿಟ್ಟ ಕೆಲಸ ಚೆನ್ನಾಗಿ ನಡೆಯಲಿ, ಕಿವಿ ಹೀಗೇ ಚುರುಕಾಗಿರಲಿ.

ನಿನ್ನ ತಾತ,
ಹೆಲ್ಮರ್

ಮರೆತಿದ್ದೆ: ಗುನ್ವೋರ್ ಕಾಗದ ಹಾಕುವುದಕ್ಕೆ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಇಪ್ಪತ್ತನೆಯ ತಾರೀಖು ಗುರುವಾರದ ರೈಲಿಗೆ ಟಿಕೆಟ್ ತೆಗೆಸಿದ್ದೇನೆ, ಸಂಜೆ ಐದಕ್ಕೆ ನಿಮ್ಮ ಊರು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಮನೆಯ ಮೂಲೆಯಲ್ಲಿ ಪಿಸುಗುಟ್ಟಿ ವಾಪಸು ತೆಗೆದುಕೊಳ್ಳುವುದು ಸರಿಯಲ್ಲ. ಶುಕ್ರವಾರ ನಿನ್ನ ಆಫೀಸಿನಲ್ಲಿ ಎಲ್ಲರೂ ಕಾಫಿಗೆ ಕೂರುವ ಹೊತ್ತು ಯಾವುದು ಅಂತ ಬರೆ. ಅವತ್ತು ಆಡಿದ್ದು ತಪ್ಪು ಅಂತ ನಾನು ಎದ್ದು ನಿಂತು ಹೇಳುತ್ತೇನೆ. ನೀನು ಏನೂ ಹೇಳಬೇಕಾಗಿಲ್ಲ, ಕೂತಿದ್ದರೆ ಸಾಕು.