ಅಂಗಡಿ ಅಕ್ಕಿ

ಶ್ರೀರಂಗಪಟ್ಟಣ
೧೬-೬-೧೯೯೬, ಭಾನುವಾರ

ಅವ್ವನ ಪಾದಗಳಿಗೆ ಪುಟ್ಟತಾಯಿಯ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಇವರೂ ಸಂತೋಷನೂ ಕ್ಷೇಮವಾಗಿದ್ದಾರೆ. ಅತ್ತೆಯ ಕಾಲಿನ ಪಟ್ಟಿ ಬಿಚ್ಚಿದ್ದಾರೆ, ಗೋಡೆ ಹಿಡಿದುಕೊಂಡು ನಡುಮನೆಯಿಂದ ಜಗಲಿಯವರೆಗೆ ಓಡಾಡುತ್ತಾರೆ. ನನ್ನ ಕ್ಷೇಮದ ವಿಷಯ ಕೆಳಗೆ ಬರೆಯುತ್ತೇನೆ.

ಅತ್ತಿಗೆ, ಇದನ್ನು ಅವ್ವನಿಗೆ ಓದಿ ಹೇಳುವವರು ನೀವೇ ಎಂದು ನನಗೆ ಗೊತ್ತು. ನೌಕರಿಯವರ ಮನೆ ಸೇರಿದವಳು ಎಂದು ನಿಮ್ಮ ಮುಂದೆ ಎಷ್ಟು ಜಂಬ ಕೊಚ್ಚಿದ್ದೇನೆ! ಈಗ ನಿಮ್ಮ ಬಾಯಿಂದಲೇ ನನ್ನ ಮರ್ಯಾದೆ ಹೋಗಬೇಕು, ಹೋಗಲಿ. ಒಂದಕ್ಷರ ಬಿಡದೆ ಓದಿ. ಅವ್ವ ಕೊಟ್ಟಿಗೆ ಕೆಲಸ ಅಂತ ನಡುವೆ ಎದ್ದರೆ ಕೈ ಹಿಡಿದು ಕೂರಿಸಿ.

ಅವ್ವಾ, ಅಣ್ಣನ ಕಾರ್ಡು ಶುಕ್ರವಾರ ಬಂತು. ಕೆರೆ ಕೆಳಗಿನ ಮೂರು ಮಡಿಗೆ ಈ ಸಲ ರಾಜಮುಡಿ, ರತ್ನಚೂಡಿ, ಗಂಧಸಾಲೆ ಒಂದೂ ಬೇಡ ಅಂದೆಯಂತೆ. “ಯಾರ್ ತಿಂತಾರೆ ಬುಡು, ಎಲ್ಲಾಕ್ಕೂ ಒಸಾ ಬಿತ್ನೇನೇ ಬುಟ್ಬುಡು” ಅಂದು, ಬಿತ್ತನೆಗೆ ಕಟ್ಟಿಟ್ಟ ಹಳೆ ಭತ್ತವನ್ನೂ ಮಿಲ್ಲಿಗೆ ಹಾಕು ಅಂದೆಯಂತೆ. ಅವ್ವನಿಗೆ ಏನಾಯಿತು, ನಿನಗೇನಾದರೂ ಗೊತ್ತಾ ಎಂದು ಅಣ್ಣ ನನ್ನನ್ನು ಕೇಳಿದ್ದಾನೆ. ಅಜ್ಜಿಯ ಕಾಲದಿಂದ ಬಂದ ಬಿತ್ತನೆ ಅದು. ಈ ವರ್ಷ ಒಟ್ಲು ಬಿಟ್ಟು ಪೈರು ಎಬ್ಬಿಸದಿದ್ದರೆ ಮುಂದಿನ ವರ್ಷಕ್ಕೆ ಇಲ್ಲ. ಏನಾಯಿತು ಎಂದು ನಿನಗೂ ನನಗೂ ಗೊತ್ತು, ಅಣ್ಣನಿಗೆ ಗೊತ್ತಿಲ್ಲ.

ಹೋದ ತಿಂಗಳ ಕೊನೆಗೆ ಅತ್ತೆಯನ್ನು ನೋಡಲು ಬಂದೆಯಲ್ಲ, ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಬೇಜಾರ್ ಮಾಡ್ಕಬ್ಯಾಡಿ ಬೀಗಿತ್ತಿ. ಗದ್ದೆ ಇರೋರು ನೀವು, ವರ್ಸ ವರ್ಸ ಮಗಳ ಮಡ್ಲಿಗೆ ಅಂಗ್ಡಿ ಅಕ್ಕಿ ಆಕ್ತೀರಲ್ಲ, ಯಾಕೆ?” ಅಂದರು. ನಿನ್ನ ಕೈ ತಟ್ಟೆಯಲ್ಲೇ ನಿಂತಿತು. ಒಂದೇ ಒಂದು ಸಲ ನನ್ನ ಮುಖ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡದೆ ಸಾರಿನ ಪಾತ್ರೆಯೊಳಗೆ ಮುಖ ಇಟ್ಟೆ. ಆಗ ನೀನು, “ಊ ಕಣವ್ವ, ಕುಟ್ಟಕ್ಕೆ ಕೈಲಾಗಕಿಲ್ಲ. ಅಂಗ್ಡೀದೇ ತಂದ್ ಆಕ್ದೆ” ಅಂದೆ. ಒನಕೆ ಹಿಡಿದು ಜಡ್ಡುಗಟ್ಟಿದ ಅಂಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಅಂದೆ.

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ನೀನು ಕೇಳದೇ ಇದ್ದರೂ ಎಲ್ಲ ಹೇಳುತ್ತೇನೆ. ಮದುವೆಯಾದ ವರ್ಷ ಗೌರಿಹಬ್ಬಕ್ಕೆ ಬಂದವಳಿಗೆ ಮಡಿಲು ತುಂಬಿ ಕಳಿಸಿದೆಯಲ್ಲ, ಮೂರು ಸೇರು ರಾಜಮುಡಿ, ನೀನೇ ಕುಟ್ಟಿದ್ದು. ಚಿನಕುರಳಿ ದಾಟಿದ ಮೇಲೆ ಬಸ್ಸು ಹಳ್ಳಕ್ಕಿಳಿದು ಗಂಟು ಸಡಿಲವಾಗಿ ಒಂದು ಹಿಡಿ ಅಕ್ಕಿ ಚೆಲ್ಲಿತು. ಪಕ್ಕದಲ್ಲಿದ್ದ ವಾಚು ಕಟ್ಟಿದ ಹೆಂಗಸು ಕಾಲು ಹಿಂದಕ್ಕೆಳೆದುಕೊಂಡು, “ಇಷ್ಟು ಕೆಂಪಗಿದೆಯಲ್ಲ, ಕೂಲಿಯವರಿಗಾ?” ಎಂದು ಕೇಳಿದಳು. ಅಷ್ಟೇ ಅವ್ವ. ಅವಳ ಹೆಸರೂ ನನಗೆ ಗೊತ್ತಿಲ್ಲ. ಪಾಂಡವಪುರದಲ್ಲಿ ಬಸ್ಸು ಬದಲಿಸುವಾಗ ಸ್ಟ್ಯಾಂಡಿನ ಎದುರು ಮರಿಯಯ್ಯನ ಅಂಗಡಿಗೆ ಹೋಗಿ ಮೂರು ಸೇರು ಕೊಟ್ಟು ಎರಡು ಸೇರು ಬಿಳಿ ಸೋನಾ ಕಟ್ಟಿಸಿಕೊಂಡೆ. ಅರಿಸಿನದ ಕೊಂಬು, ಬೆಲ್ಲ, ಕೊಬ್ಬರಿ ಬಟ್ಟಲು ಮಾತ್ರ ನಿನ್ನವೇ ಉಳಿದವು.

ಮಡಿಲಕ್ಕಿಯನ್ನು ಹೊರಗೆ ಕೊಡಬಾರದು, ಪಾಯಸ ಮಾಡಿ ಗಂಡನ ಮನೆಯವರೆಲ್ಲ ಉಣ್ಣಬೇಕು ಅಂತ ನೀನು ಪ್ರತಿ ಸಲ ಹೇಳುತ್ತಿದ್ದೆ. ನಾನು ಪ್ರತಿ ಸಲ ಊ ಅನ್ನುತ್ತಿದ್ದೆ. ಹನ್ನೊಂದು ಗೌರಿಹಬ್ಬ. ಮೊದಮೊದಲು ಯಾರಾದರೂ ಕಂಡಾರು ಎಂದು ಹಿಂದೆ ಮುಂದೆ ನೋಡುತ್ತಿದ್ದೆ, ಆಮೇಲೆ ಅದೂ ಇಲ್ಲ. ಮರಿಯಯ್ಯ ನನ್ನನ್ನು ಕಂಡರೆ ಸಾಕು, “ಬನ್ನಿ ಬನ್ನಿ, ನಮ್ಮವ್ವ ಕಾಯ್ತಾ ಅವ್ಳೆ” ಅನ್ನುತ್ತಿದ್ದ. ಅವನು ಅದನ್ನು ಮಾರುತ್ತಲೇ ಇರಲಿಲ್ಲ. ನೀನು ನನಗೆಂದು ಕುಟ್ಟಿದ ಅಕ್ಕಿಯನ್ನು ಅವನ ತಾಯಿ ಉಂಡಳು.

ಈ ಮನೆಯಲ್ಲಿ ಯಾರೂ ಒಂದು ದಿನಕ್ಕೂ ಕೆಂಪಕ್ಕಿ ಎಂದು ಮೂಗು ಮುರಿದವರಲ್ಲ. ಮುರಿಯಲು ಅವರು ಅದನ್ನು ಕಂಡಿದ್ದರೆ ತಾನೆ? ತವರಿನ ಮಾನ ಉಳಿಸುತ್ತೇನೆ ಎಂದುಕೊಂಡು ಅದಲು ಬದಲು ಮಾಡಿದೆ. ಅತ್ತೆ ಮಾತ್ರ ಪ್ರತಿ ವರ್ಷ ಪಾಯಸದ ಮುಂದೆ ಕೂತು, “ಗದ್ದೆ ಇಟ್ಕಂಡು ಅಂಗ್ಡಿ ಅಕ್ಕೀನಾ ಆಕದು, ಎಂಥಾ ಜಿಪುಣರಪ್ಪಾ” ಎಂದು ನಿನ್ನನ್ನು ಅನ್ನುತ್ತಿದ್ದರು. ಹನ್ನೊಂದು ವರ್ಷ ಅದನ್ನು ಕೇಳಿಸಿಕೊಂಡು ಬಡಿಸುತ್ತಾ ನಿಂತೆ. ಎಂಥವಳನ್ನು ಹೆತ್ತೆ ನೋಡು.

ಆವತ್ತು ನೀನು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಎರಡೂವರೆ ಬಸ್ಸಿಗೇ ಹೊರಟೆ. ತಂದಿದ್ದ ಚೀಲವನ್ನು ಬಿಚ್ಚದೆ ಕಂಕುಳಲ್ಲಿ ಇಟ್ಟುಕೊಂಡೇ ಸ್ಟ್ಯಾಂಡಿಗೆ ನಡೆದೆ. ಬಸ್ಸು ಹತ್ತುವಾಗ ಅದನ್ನು ನನ್ನ ಕೈಗೆ ಕೊಟ್ಟು, “ನಿಮ್ಮತ್ತೆಗೆ ಬೇಯ್ಸಿ ಆಕು. ಅಂಗ್ಡೀದು ಅಂತ ಯೋಳು” ಅಂದೆ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಹಾಗೆ ಅನ್ನಲಿಲ್ಲ, ದಾರಿ ತೋರಿಸುವ ಹಾಗೆ ಅಂದೆ.

ಒಳಗೆ ರಾಜಮುಡಿ, ರತ್ನಚೂಡಿ, ಗಂಧಸಾಲೆ ಅಕ್ಕಿಯ ಮೂರು ಗಂಟುಗಳಿದ್ದವು, ಮೂರು ಬಣ್ಣದ ರವಿಕೆ ಬಟ್ಟೆಯಲ್ಲಿ. ಹತ್ತು ದಿನ ಹಿಟ್ಟಿನ ಡಬ್ಬಗಳ ಹಿಂದೆ ಬಚ್ಚಿಟ್ಟೆ. ಹೋದ ಸೋಮವಾರ ಇವರು ಕಚೇರಿಗೆ, ಸಂತೋಷ ಸ್ಕೂಲಿಗೆ ಹೋದ ಮೇಲೆ ಕೆಂಪಕ್ಕಿಯ ಗಂಟು ಬಿಚ್ಚಿದೆ. ಸೋನಾಕ್ಕೆ ಇಡುವ ಹಾಗೆ ಒಂದಕ್ಕೆರಡು ನೀರಿಟ್ಟು ಕುಕ್ಕರ್ ಮೂರು ಸಲ ಕೂಗಿಸಿದರೆ ಅಗುಳು ಹಲ್ಲಿಗೆ ಕಲ್ಲಿನ ಹಾಗೆ ಸಿಕ್ಕಿತು. ಮಾರನೇ ದಿನ ನೆನೆಹಾಕಿ ಆರು ಸಲ ಕೂಗಿಸಿದೆ, ಅಂಬಲಿಯಾಯಿತು. ಎರಡನ್ನೂ ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿಗೆ ಸುರಿದೆ. ನಿನ್ನ ಹೊಟ್ಟೆಯಲ್ಲಿ ಹುಟ್ಟಿ, ನಿನ್ನ ಗದ್ದೆಯ ಅಕ್ಕಿ ಬೇಯಿಸಲು ಬರದೆ ಒಲೆಯ ಮುಂದೆ ಕೂತು ಅಳುತ್ತಿದ್ದೆ. ಆಮೇಲೆ ನೀನು ಮಾಡುತ್ತಿದ್ದುದು ನೆನಪಿಗೆ ಬಂತು. ಬುಧವಾರ ತೆರೆದ ಪಾತ್ರೆಯಲ್ಲಿ ಎಸರು ಕುದಿಸಿ, ಅಗುಳು ಹಿಸುಕಿ ಹಿಸುಕಿ ನೋಡಿ, ಗಂಜಿ ಬಸಿದು ಸಣ್ಣ ಉರಿಯಲ್ಲಿ ಮುಚ್ಚಿಟ್ಟೆ. ಸರಿಯಾಗಿ ಬಂತು. ಉಪ್ಪು ಮೊಸರು ಕಲಸಿಕೊಂಡು ನಿಂತೇ ಉಂಡೆ. ಇಷ್ಟು ವರ್ಷ ಈ ಮನೆಯಲ್ಲಿ ಇಂಥ ಅನ್ನ ಯಾರೂ ಉಂಡಿಲ್ಲವಲ್ಲ ಅವ್ವ.

ಗುರುವಾರ ಧೈರ್ಯ ಮಾಡಿ ಗಂಧಸಾಲೆಯ ಪಾಯಸ ಮಾಡಿದೆ. ಅದು ಬೇಯುವಾಗ ಬರುವ ಪರಿಮಳವನ್ನು ಡಬ್ಬದ ಹಿಂದೆ ಬಚ್ಚಿಡಲಾಗುತ್ತದೆಯೇ? ನಡುಮನೆಯಿಂದ ಅತ್ತೆ ಕೂಗಿದರು. ಅವರು ಬಿಂಡಿಗನವಿಲೆ ಕಡೆ ಬರೀ ರಾಗಿ ಬೆಳೆಯುವ ಹೊಲದಾರಂಬದ ಮನೆಯಿಂದ ಬಂದವರು, ಚಿಕ್ಕಂದಿನಲ್ಲಿ ಅನ್ನ ಅಂದರೆ ಹಬ್ಬಕ್ಕೆ ಮಾತ್ರ. “ಏನೇ ಅದು ವಾಸ್ನೆ? ಗೌಡ್ರ ಮನೆ ಮದ್ವೇಲಿ ಒಂದ್ಸಲ ಉಂಡಿದ್ದೆ ಇಂಥದ್ದ. ಎಲ್ಲಿದೇ?” ಅಂದರು. ಲೋಟ ಬಳಿದು ಬಳಿದು ಉಂಡರು. ನಾನು ಏನಂದೆ ಗೊತ್ತೇ? ಅಂಗಡಿಯದು ಅಂದೆ. ನೀನು ಹೇಳಿಕೊಟ್ಟಿದ್ದನ್ನು ಅಷ್ಟು ಚೆನ್ನಾಗಿ ಒಪ್ಪಿಸಿದೆ. ಮಾರನೇ ದಿನವೇ ಅಣ್ಣನ ಕಾರ್ಡು ಬಂತು.

ಈಗ ಅತ್ತೆಗೆ ಎಲ್ಲ ಹೇಳಿದ್ದೇನೆ ಅವ್ವ. ಅವರು ನಕ್ಕು, ಹೋಗಲಿ ಬಿಡು, ಹುಡುಗು ಬುದ್ಧಿ ಅಂದರು. ಇನ್ನು ಈ ಮನೆಯಲ್ಲಿ ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ. ನನ್ನ ಮೇಲಿನ ಬೇಸರವನ್ನು ಬಿತ್ತನೆಯ ಮೇಲೆ ತೀರಿಸಬೇಡ. ನನಗೆ ಬೈಯಬೇಕೆಂದರೆ ಬಸ್ಸು ಹತ್ತಿ ಬಂದು ಬೀದಿಯಲ್ಲಿ ನಿಂತು ಬೈಯಿ, ಕೇಳಿಸಿಕೊಳ್ಳುತ್ತೇನೆ. ಮೂರು ಮಡಿಗೂ ಹಳೆ ಭತ್ತದ ಒಟ್ಲನ್ನೇ ಬಿಡು. ಈ ಗೌರಿಗೆ ಮಡಿಲು ತುಂಬುವುದಿಲ್ಲ ಅಂದರೂ ಸರಿ, ಕೇಳಲು ನನಗೆ ಮುಖವಿಲ್ಲ. ರತ್ನಚೂಡಿಯ ಗಂಟನ್ನು ಇನ್ನೂ ಬಿಚ್ಚಿಲ್ಲ. ಅದನ್ನು ಹೇಗೆ ಬೇಯಿಸಬೇಕೋ ನನಗೆ ತಿಳಿಯದು, ನೀನೇ ಬಂದು ತೋರಿಸಬೇಕು.

ಅಪ್ಪನಿಗೆ, ಅಣ್ಣನಿಗೆ ನನ್ನ ನಮಸ್ಕಾರ. ಅವರಿಬ್ಬರಿಗೂ ಇದನ್ನು ತಿಳಿಸುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ಮಡಿಲಿನ ಋಣ ತೀರಿಸದ ಮಗಳು,
ಪುಟ್ಟತಾಯಿ

ವಿ.ಸೂ.: ಅತ್ತಿಗೆ, ಇಲ್ಲಿಂದ ಮುಂದಿನದು ನಿಮಗೆ ಮಾತ್ರ, ಅವ್ವನಿಗೆ ಓದಬೇಡಿ. ಅತ್ತೆಗೆ ಹೇಳಿದ್ದೇನೆ ಎಂದು ಬರೆದೆನಲ್ಲ, ಅದು ಸುಳ್ಳು. ಹಾಗೆ ಬರೆದರೆ ಅವ್ವ ಒಟ್ಲು ಬಿಟ್ಟಾಳು ಎಂದು ಬರೆದೆ. ಹೇಳಲೆಂದು ಮೂರು ಸಲ ನಡುಮನೆಗೆ ಹೋಗಿ, ಅವರ ಕಾಲಿಗೆ ಎಣ್ಣೆ ನೀವಿ ಎದ್ದು ಬಂದೆ.

ಸೋಮವಾರ ಬೆಳಿಗ್ಗೆ: ಲಕೋಟೆ ಅಂಟಿಸಲು ಕೈ ಬರಲಿಲ್ಲ ಅತ್ತಿಗೆ. ನಮ್ಮ ಅತ್ತೆಗೂ ಓದು ಬರುವುದಿಲ್ಲ. ಅವರ ಮುಂದೆ ಕೂತು ಈ ಪತ್ರವನ್ನೇ ಮೊದಲಿನಿಂದ ಓದಿದೆ. ನಕ್ಕು ಹೋಗಲಿ ಬಿಡು ಅಂದರು ಎನ್ನುವ ಸಾಲು ಬಂದಾಗ, “ನೀನ್ಯಾವಾಗ್ ಯೋಳ್ದೆ? ನಾನ್ಯಾವಾಗ್ ನಕ್ಕೆ?” ಅಂದರು. ಹೇಳುತ್ತಿರುವುದು ಈಗಲೇ ಅಂದೆ. “ಅನ್ನೊಂದು ವರ್ಸ ನನ್ ಬಾಯಲ್ಲಿ ಆ ಮಾತ ಆಡಿಸ್ಬುಟ್ಯಲ್ಲೇ” ಅಂದರು. ಕೊಟ್ಟ ಕಾಫಿ ಹಾಗೇ ಆರುತ್ತಿದೆ. ಓದಬೇಡಿ ಅಂದದ್ದನ್ನೂ ಇದನ್ನೂ ಅವ್ವನಿಗೆ ಓದಿಬಿಡಿ.